ಗಾಳದ ಜೊತೆಗಾರ ತೀರಿಕೊಂಡ ಮೇಲೆ ಅವರನ್ನು ನೆನೆಯುವ ಬಗೆ

ಹೇಮಾವತಿಯ ದಡದಲ್ಲೋ, ಯಗಚಿಯ ಹಿನ್ನೀರಿನಲ್ಲೋ, ಬಾಳೆಹೊನ್ನೂರಿನ ಆಸುಪಾಸಿನ ಭದ್ರೆಯ ಮಡುವಿನಲ್ಲೋ ವರ್ಷಗಟ್ಟಲೆ ಪಕ್ಕದಲ್ಲಿ ಕುಳಿತು ಗಾಳ ಹಾಕಿದವರು ತೀರಿಕೊಂಡಾಗ, ಮನೆಯವರಿಗೆ ಅವರು ಗಂಡನಾಗಿ, ತಂದೆಯಾಗಿ, ತೋಟದ ಯಜಮಾನರಾಗಿ ಚೆನ್ನಾಗಿ ಗೊತ್ತಿರುತ್ತಾರೆ. ಆದರೆ ಬೆಳಗಿನ ಜಾವ ಮನೆ ಬಿಟ್ಟು ಸಂಜೆ ಮರಳುವವರೆಗಿನ ಅವರ ಬದುಕನ್ನು ಕಂಡವನು ಜೊತೆಗಾರನೊಬ್ಬನೇ. ಹಾಗಾಗಿ ಅವರನ್ನು ನೆನೆಯುವುದೆಂದರೆ, ನಾವೊಬ್ಬರೇ ಕಂಡದ್ದನ್ನು ಅವರ ಮನೆಯವರಿಗೂ ಮುಂದೆ ಆ ನೀರಿನ ಬಳಿಗೆ ಹೋಗುವವರಿಗೂ ತಲುಪಿಸುವುದು ಎಂದು ನಾನು ನಂಬಿದ್ದೇನೆ. ಸಕಲೇಶಪುರದ ಕಡೆಯ ನನ್ನ ಹಿರಿಯ ಜೊತೆಗಾರರನ್ನು ಕಳೆದುಕೊಂಡ ಮೇಲೆ ನನಗೆ ತಿಳಿದುಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಅವರನ್ನು ಕೊನೆಯವರೆಗೂ ಅಣ್ಣ ಎಂದೇ ಕರೆದೆ.

ಹಾಲು-ತುಪ್ಪದ ದಿನದಿಂದ ಹನ್ನೊಂದನೆಯ ದಿನದ ತಿಥಿಯವರೆಗೆ ಮನೆ ತುಂಬ ನೆಂಟರಿರುತ್ತಾರೆ. ಆಗ ಹೋಗಿ ಕೈಕೆಲಸಕ್ಕೆ ನಿಲ್ಲಬೇಕೇ ಹೊರತು ಹೆಚ್ಚು ಮಾತು ಬೇಡ. ನೆಂಟರು ಹೊರಟು ಮನೆ ಖಾಲಿಯಾದ ವಾರದಲ್ಲಿ ಮತ್ತೊಮ್ಮೆ ಹೋಗಿ. ಅಲ್ಲಿ 'ಬಹಳ ಒಳ್ಳೆಯವರು' ಎಂಬ ಮಾತನ್ನು ಎಲ್ಲರೂ ಹೇಳಿ ಮುಗಿಸಿರುತ್ತಾರಾದ್ದರಿಂದ, ನಿಮ್ಮ ಕಣ್ಣಿಗೆ ಮಾತ್ರ ಬಿದ್ದ ಒಂದು ಸಂಗತಿಯನ್ನು ವಿವರವಾಗಿ ಹೇಳಿ. "ಅತ್ತಿಗೆ, ನೀವು ಕಟ್ಟಿಕೊಟ್ಟ ಅಕ್ಕಿರೊಟ್ಟಿ ಬಿಚ್ಚೋ ಹೊತ್ತಾದ್ರೆ ಮೀನು ಎಳೀತಿದ್ರೂ ಅಣ್ಣ ಗಾಳ ಮೇಲೆತ್ತಿಬಿಡೋರು, ರೊಟ್ಟಿ ಆರಿಹೋಗುತ್ತೆ ಅನ್ನೋರು" ಎಂದು ನಾನು ಹೇಳಿದಾಗ ಅವರು ಕೆಲಸ ಬಿಟ್ಟು ಬಂದು ಎದುರಿಗೆ ಕುಳಿತು, "ಇನ್ನೇನ್ ಹೇಳ್ತಿದ್ರು?" ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಬೇರೆ ಯಾರೂ ಇರುವುದಿಲ್ಲ. ಸತ್ತವರ ಗಾಳ, ರೀಲುಗಳ ವಿಚಾರವನ್ನು ಮಾತ್ರ ಆ ದಿನಗಳಲ್ಲಿ ಎತ್ತಲೇಬಾರದು; ಅದನ್ನು ಮನೆಯವರೇ ಎತ್ತುವವರೆಗೆ ಕಾಯಬೇಕು.

ಇದಾದ ಮೇಲೆ ತಡಮಾಡದೆ ಒಂದು ನೋಟ್‌ಬುಕ್ ತೆಗೆದುಕೊಂಡು ಬರೆಯಲು ಕೂರಬೇಕು. ಮೊದಲ ತಿಂಗಳಲ್ಲಿ ನೆನಪಿರುವಷ್ಟು ಸ್ಪಷ್ಟವಾಗಿ ಒಂದು ವರ್ಷದ ನಂತರ ಏನೂ ನೆನಪಿರುವುದಿಲ್ಲ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು 2007ರ ಏಪ್ರಿಲ್ 5ರಂದು ತೀರಿಕೊಂಡರೂ ಅವರ ಗಾಳದ ಗೀಳು ಇಂದಿಗೂ ನಾಡಿಗೆಲ್ಲ ಗೊತ್ತಿರುವುದು ಅದು ಬರಹವಾಗಿ ಉಳಿದದ್ದರಿಂದ. ನಮ್ಮ ಜೊತೆಗಾರರು ಬರೆಯುವವರಲ್ಲದ ಕಾರಣ ಆ ಕೆಲಸ ನಮ್ಮ ಪಾಲಿಗೆ ಬರುತ್ತದೆ. ಅವರ ಗುಣಗಾನದಿಂದ ಶುರುಮಾಡುವ ಬದಲು ಅವರು ಕೂರುತ್ತಿದ್ದ ಜಾಗಗಳಿಂದ ಶುರುಮಾಡಿ, ಪ್ರತಿ ಜಾಗಕ್ಕೂ ಅವರಿಟ್ಟಿದ್ದ ಹೆಸರನ್ನೇ ಬರೆಯಿರಿ. ಹಿನ್ನೀರಿನ ಜಾಗವಾದರೆ ನೀರಿನ ಮಟ್ಟವನ್ನೂ ಬರೆಯುವುದು ಅತ್ಯಗತ್ಯ. ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಾಗಿನಿಂದ ಹೇಮಾವತಿಯ ಹಿನ್ನೀರಿನ ಅಂಚು ಕಾಲಕ್ಕೆ ತಕ್ಕಂತೆ ಸರಿಯುತ್ತಲೇ ಇರುತ್ತದೆ. ಶೆಟ್ಟಿಹಳ್ಳಿಯ ಹಳೆಯ ಚರ್ಚು ಒಳ್ಳೆಯ ಮಳೆಯಾದ ವರ್ಷ ಅರ್ಧ ಮುಳುಗಿ, ಬೇಸಿಗೆಯಲ್ಲಿ ಒಣನೆಲದ ಮೇಲೆ ನಿಲ್ಲುವುದನ್ನು ಹಾಸನದವರೆಲ್ಲ ಕಂಡಿದ್ದಾರೆ. ಹೀಗಿರುವಾಗ 'ಆಲದ ಮರದ ಎದುರು ಬಾಳೆಮೀನು ಸಿಗುತ್ತದೆ' ಎಂದಷ್ಟೇ ಬರೆದರೆ ಅದು ಯಾರ ಉಪಯೋಗಕ್ಕೂ ಬರುವುದಿಲ್ಲ. ಜಲಾಶಯದ ಗರಿಷ್ಠ ಮಟ್ಟ 2922 ಅಡಿ. ಮಳೆಗಾಲದಲ್ಲಿ ಪತ್ರಿಕೆಗಳು ಅಂದಂದಿನ ಮಟ್ಟವನ್ನು ಪ್ರಕಟಿಸುತ್ತವೆ. ನೀರು ಗರಿಷ್ಠ ಮಟ್ಟಕ್ಕಿಂತ ಸುಮಾರು ಎಷ್ಟು ಅಡಿ ಕೆಳಗಿದ್ದಾಗ ಅವರು ಆ ಜಾಗಕ್ಕೆ ಹೋಗುತ್ತಿದ್ದರು, ಯಾವ ತಿಂಗಳಲ್ಲಿ, ಎರೆಹುಳು ಕಟ್ಟುತ್ತಿದ್ದರೋ ರಾಗಿಹಿಟ್ಟಿನ ಉಂಡೆಯನ್ನೋ ಎಂಬುದನ್ನು ಬರೆದರೆ ಅವರ ಮೊಮ್ಮಗನೂ ಒಂದು ದಿನ ಅಲ್ಲಿಗೆ ಹೋಗಿ ಕೂರಬಹುದು.

ಅವರ ವಿವೇಚನೆಯನ್ನೂ ಬರೆಯಬೇಕು, ಏಕೆಂದರೆ ಎಷ್ಟು ಮೀನು ಹಿಡಿದರು ಎನ್ನುವುದಕ್ಕಿಂತ ಯಾವುದನ್ನು ಹಿಡಿಯದೆ ಬಿಟ್ಟರು ಎನ್ನುವುದರಲ್ಲಿ ಮನುಷ್ಯ ಹೆಚ್ಚು ಕಾಣುತ್ತಾನೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹತ್ತುಮೀನು ಹಳ್ಳದಿಂದ ಗದ್ದೆಗೆ ಏರುವಾಗ ಊರಿಗೆ ಊರೇ ಕೂಳಿ ಹಿಡಿದು ಹೊರಡುತ್ತಿದ್ದರೂ ಅಣ್ಣ ಹೋಗುತ್ತಿರಲಿಲ್ಲ. ಮೊಟ್ಟೆ ಇಡಲು ಹೊರಟ ಮೀನನ್ನು ದಾರಿಯಲ್ಲಿ ತಡೆದರೆ ಮುಂದಿನ ವರ್ಷ ಹಳ್ಳದಲ್ಲಿ ಏನಿರುತ್ತದೆ ಎಂಬುದು ಅವರ ಪ್ರಶ್ನೆ. ನಿಮ್ಮ ಫೋನಿನಲ್ಲಿ ಅವರ ವಾಟ್ಸಾಪ್ ಧ್ವನಿಸಂದೇಶಗಳಿದ್ದರೆ, 'ನಾಳೆ ಐದಕ್ಕೆ ಬಾ' ಎಂಬಂಥ ಸಾಧಾರಣ ಮಾತುಗಳಾದರೂ ಸರಿ, ಕಂಪ್ಯೂಟರಿಗೂ ಒಂದು ಪೆನ್‌ಡ್ರೈವಿಗೂ ನಕಲು ಮಾಡಿಟ್ಟು ಮನೆಯವರಿಗೂ ಕೊಡಿ. ಫೋನು ನೀರಿಗೆ ಬಿದ್ದರೆ ಆ ಧ್ವನಿ ಮತ್ತೆ ಸಿಗುವುದಿಲ್ಲ.

ಸಲಕರಣೆಗಳನ್ನು ಮನೆಯವರಾಗಿಯೇ ನಿಮ್ಮ ಕೈಗೆ ಕೊಟ್ಟಾಗ ಅವನ್ನು ನಿಧಾನವಾಗಿ, ಒಂದೊಂದಾಗಿ ಬಿಚ್ಚಿ ನೋಡಿ. ಅಣ್ಣನ ಗಾಳಗಳು ಹಳೆಯ ಪೌಡರ್ ಡಬ್ಬಿಯೊಂದರಲ್ಲಿದ್ದವು. ಸವೆದ ಹವಾಯಿ ಚಪ್ಪಲಿಯ ಹಿಮ್ಮಡಿಯನ್ನು ಡಬ್ಬಿಯ ಅಳತೆಗೆ ಕತ್ತರಿಸಿ, ಅದಕ್ಕೆ ಸಣ್ಣದರಿಂದ ದೊಡ್ಡದರವರೆಗೆ ಸಾಲಾಗಿ ಚುಚ್ಚಿಟ್ಟಿದ್ದರು, ಪಕ್ಕದಲ್ಲಿ ಸೀಸದ ಗುಂಡುಗಳು ಬಟ್ಟೆಯ ಗಂಟಿನಲ್ಲಿದ್ದವು. ಅಂಥ ಜೋಡಣೆಯನ್ನು ಕೆಡಿಸದೆ ಮೊದಲು ಒಂದು ಫೋಟೋ ತೆಗೆಯಿರಿ. ತುಕ್ಕು ಹಿಡಿದ ಗಾಳಗಳನ್ನು ಒರೆಸಿ ಎಣ್ಣೆ ಸವರಿ. ಬಿಸಿಲಿಗೆ ಬಿದ್ದ ಹಳೆಯ ನೈಲಾನ್ ದಾರ ಸತ್ವ ಕಳೆದುಕೊಂಡಿರುವುದರಿಂದ ಅದನ್ನು ತೆಗೆದು ಹೊಸ ದಾರ ಸುತ್ತಿ. ಗಾಳದ ಕೋಲನ್ನು ಗೋಡೆಗೆ ತೂಗುಹಾಕುವುದು ನನಗೆ ಒಪ್ಪಿಗೆಯಿಲ್ಲ. ಮಗಳೋ ಮಗನೋ ಮೊಮ್ಮಕ್ಕಳೋ ಕಲಿಯಲು ಒಪ್ಪಿದರೆ ಅವರಿಗೆ ಕೊಟ್ಟು ಜೊತೆಗೆ ಕರೆದುಕೊಂಡು ಹೋಗಿ, ಯಾರಿಗೂ ಬೇಡವಾದರೆ ಮನೆಯವರ ಅಪ್ಪಣೆ ಪಡೆದು ನೀವೇ ಬಳಸಿ.

ಅವರಿಲ್ಲದೆ ಮೊದಲ ಬಾರಿ ನೀರಿಗೆ ಹೋಗುವ ದಿನ ಇಂಥದ್ದೇ ಎಂದು ನಿಯಮವಿಲ್ಲ. ಆದರೆ ಒಂಟಿಯಾಗಿ ಹೋಗಬೇಡಿ. ಪಾಚಿ ಕಟ್ಟಿದ ಬಂಡೆಯ ಮೇಲೆ ಕಾಲು ಜಾರಿದರೆ ಕೈ ಕೊಡುತ್ತಿದ್ದವರು, ಮೇಲೆ ಘಟ್ಟದಲ್ಲಿ ಮಳೆಯಾಗಿ ನೀರು ಕೆಂಪಾದದ್ದನ್ನು ಮೊದಲು ಗಮನಿಸಿ ಏಳು ಎನ್ನುತ್ತಿದ್ದವರು ಅವರೇ ಎಂಬುದು ದುಃಖದಲ್ಲಿ ಮರೆತುಹೋಗುತ್ತದೆ. ಯಾವ ಜಾಗಕ್ಕೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂದು ಮನೆಯಲ್ಲಿ ಹೇಳಿಯೇ ಹೊರಡಿ.

ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ಮನೆಯಾದರೆ, ಅವರಿಗೆ ಇಷ್ಟವಾದ ಮೀನನ್ನು ಹಿಂದಿನ ದಿನವೇ ತಂದುಕೊಡುವುದು ಜೊತೆಗಾರನಿಗೆ ಸಲ್ಲುವ ಕೆಲಸ. ಹುಣಸೆಹುಳಿ ಹಾಕಿದ ಕೊರವದ ಸಾರೋ, ಹುರಿದ ಗೆಂಡೆಯೋ ಎಂಬುದನ್ನು ಮಾತ್ರ ಅತ್ತಿಗೆಯವರನ್ನು ಕೇಳಿ ತಿಳಿದುಕೊಳ್ಳಿ. ಆ ದಿನ ಮಾಂಸಾಹಾರ ಮಾಡದ ಮನೆಯವರು ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೋ ಶೃಂಗೇರಿಗೋ ಹೋಗಬಹುದು. ಕಾವೇರಿಯ ಹಾಗೂ ತುಂಗೆಯ ಆ ಎರಡು ಘಟ್ಟಗಳಲ್ಲಿ ಮೀನು ಹಿಡಿಯುವುದು ನಿಷಿದ್ಧವಾದ್ದರಿಂದ ದೊಡ್ಡ ಮೀನುಗಳು ಮೆಟ್ಟಿಲಿನವರೆಗೂ ಬರುತ್ತವೆ. ಪುರಿಯನ್ನು ಹಿಡಿಯಷ್ಟೇ ಹಾಕಿ, ಪ್ಲಾಸ್ಟಿಕ್ ಚೀಲವನ್ನು ಜೇಬಿಗೆ ಹಾಕಿಕೊಂಡು ಬನ್ನಿ.

ಅವರು ಕೂರುತ್ತಿದ್ದ ದಡದಲ್ಲಿ ಸಿಮೆಂಟಿನ ಕಟ್ಟೆ, ಫ್ಲೆಕ್ಸು, ಕಲ್ಲಿನ ಮೇಲೆ ಪೇಂಟಿನ ಹೆಸರು ಇವೆಲ್ಲ ಬೇಡ. ಬದಲಿಗೆ ವರ್ಷಕ್ಕೊಮ್ಮೆ ನಾಲ್ಕು ಜನ ಸೇರಿ ದಡದ ಪೊದೆಗಳಿಗೆ ಸುತ್ತಿಕೊಂಡ ನೈಲಾನ್ ದಾರವನ್ನೂ ಹರಿದ ಬಲೆಯ ಚೂರುಗಳನ್ನೂ ಬಿಡಿಸಿ ತನ್ನಿ, ಏಕೆಂದರೆ ಕೊಕ್ಕರೆ, ನೀರುಕಾಗೆ, ಆಮೆಗಳ ಕಾಲಿಗೆ ಅದು ಸಿಕ್ಕಿಕೊಂಡರೆ ಅವು ಬಿಡಿಸಿಕೊಳ್ಳಲಾರವು. ತೋಟೆ ಸಿಡಿಸುವವರನ್ನೋ ನೀರಿಗೆ ವಿಷ ಬೆರೆಸುವವರನ್ನೋ ಕಂಡರೆ ದೂರು ಕೊಡಿ. ಈ ಎರಡೂ 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೇ ಅಪರಾಧ. ಅವರ ಹೆಸರಿನಲ್ಲಿ ಊರ ಕೆರೆಗೆ ಮೀನುಮರಿ ಬಿಡಬೇಕೆಂಬ ಆಸೆ ಹಲವರಿಗಿರುತ್ತದೆ, ಅದು ಒಳ್ಳೆಯ ಆಸೆಯೇ. ಆದರೆ ಕೆರೆಯ ಮೀನು ಗುತ್ತಿಗೆ ಯಾರದೆಂದು ವಿಚಾರಿಸಿ, ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿದ ನಂತರವೇ ಮರಿ ತರಬೇಕು. ಆಫ್ರಿಕನ್ ಕ್ಯಾಟ್‌ಫಿಶ್ ಮರಿಯನ್ನಂತೂ ಯಾರು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ಅದರ ಸಾಕಣೆಗೆ ದೇಶದಲ್ಲಿ 2000ದಲ್ಲಿಯೇ ನಿಷೇಧ ಬಂದಿದೆ, ಮತ್ತು ಕೆರೆಯಲ್ಲಿರುವ ನಾಡಮೀನುಗಳನ್ನು ಅದು ತಿಂದುಹಾಕುತ್ತದೆ. ನದಿಗೆ ಯಾವ ಮರಿಯನ್ನೂ ಸ್ವಂತ ನಿರ್ಧಾರದಿಂದ ಬಿಡುವುದು ಬೇಡ.