ಕಮಾನು ಬರೆಯುವ ಮುಂಚೆ ಆಕಾಶ ಬರೀರಿ
ವಿಜಯಪುರದಲ್ಲಿ ಅರ್ಧಕ್ಕೇ ನಿಂತುಹೋದ ಕಮಾನುಗಳ ಸ್ಮಾರಕ ಬಾರಾ ಕಮಾನಿಗೆ ಸ್ಕೆಚ್ ಮಾಡಲು ಹೋಗುವವರು ಮೊದಲು ಕಮಾನು ಬರೆಯಬೇಡಿ, ಅದರೊಳಗೆ ಕಾಣುವ ಆಕಾಶದ ತುಂಡು ಬರೀರಿ. ಕಮಾನು ಅಂದಕೂಡಲೇ ಕೈ ತನಗೆ ಗೊತ್ತಿರುವ ಕಮಾನನ್ನೇ ಎಳೆಯುತ್ತದೆ. ಆಕಾಶದ ತುಂಡಿಗೆ ಹೆಸರಿಲ್ಲ, ಹಾಗಾಗಿ ಕಣ್ಣು ನೋಡಲೇಬೇಕು. ಓರೆಯಾಗಿ ನಿಂತಾಗ ಆ ತುಂಡು ನಾವು ಅಂದುಕೊಂಡದ್ದಕ್ಕಿಂತ ಎಷ್ಟೋ ಸಪೂರ ಇರ್ತದೆ, ಬಹಳ ಜನ ತಪ್ಪುವುದು ಅಲ್ಲೇ. ಗೆಳೆಯರಿಗೆ ತೋರಿಸುವಾಗ ‘ಹೆಂಗೈತಿ?’ ಅಂತ ಕೇಳಿದರೆ ‘ಚಲೋ ಐತಿ’ ಅಂತಾರೆ, ಕಲಿಯಲು ಏನೂ ಸಿಗಲ್ಲ. ನಿಂತ ಜಾಗದಿಂದಲೇ ತೆಗೆದ ಫೋಟೊ ಪಕ್ಕಕ್ಕಿಟ್ಟು, ಯಾವ ತುಂಡು ಅಗಲಾಗಿದೆ ಅಂತ ಪೆನ್ಸಿಲ್‌ನಿಂದ ಗುರುತು ಹಾಕಿಸಿಕೊಳ್ಳಿ. ಗೋಳಗುಮ್ಮಟದ ಗುಮ್ಮಟಕ್ಕೆ ಮಾತ್ರ ಹೀಗೆ ಆಕಾಶ ನೋಡಿ ಬರೆಯುವುದು ಸಾಲದು. ಅಂಚು ಸರಿ ಬರಬಹುದು, ಆದರೆ ಅಲ್ಲಿ ದುಂಡುತನ ಹೇಳುವುದು ನೆರಳು.