ಪಂಪ್ ಬಿಚ್ಚಿಸುವ ಮೊದಲು ಇಷ್ಟು ನೋಡಿ

ಹಳೇ ಡೀಸೆಲ್ ಕಾರು ತಗೊಂಡು ಹೋಗಿ "ಪಿಕಪ್ ಇಲ್ಲ" ಅಂದರೆ ಹೆಚ್ಚಿನ ಕಡೆ ಬರುವ ಮೊದಲ ಉತ್ತರ "ಪಂಪ್ ಕೆಲಸ ಇದೆ". ಎಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸುವ ಆ ಪಂಪ್ ಬಿಚ್ಚಿ ಹುಬ್ಬಳ್ಳಿಗೆ ಕಳಿಸಬೇಕು, ಡೀಸೆಲ್ ಸಿಂಪಡಿಸುವ ನಾಝಲ್ ಟೆಸ್ಟ್ ಮಾಡಿಸಬೇಕು, ವಾರಗಟ್ಟಲೆ ಗಾಡಿ ಇಲ್ಲದೆ ಓಡಾಡಬೇಕು. ಅಷ್ಟು ಮಾಡಿದ ಮೇಲೂ ಕೆಲವೊಮ್ಮೆ ಗಾಡಿ ಮೊದಲಿನ ಹಾಗೇ ಇರುತ್ತದೆ. ಯಾಕೆಂದರೆ ಕೆಟ್ಟಿದ್ದು ಪಂಪ್ ಆಗಿರುವುದಿಲ್ಲ, ನಲವತ್ತು ರೂಪಾಯಿಯ ಪೈಪ್ ಆಗಿರುತ್ತದೆ.

ನನ್ನದು ಟರ್ಬೊ ಇಲ್ಲದ ಹಳೇ ಇಂಡಿಕಾ. 1405 ಸಿಸಿ, ಹೊಸದಾಗಿದ್ದಾಗಲೇ 53ರ ಆಸುಪಾಸು ಎಚ್‌ಪಿ. ಇರುವುದು ಕುಮಟಾದಲ್ಲಿ, ತವರು ಶಿರಸಿ, ನಡುವೆ ದೇವಿಮನೆ ಘಟ್ಟ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು, ಮೆಕ್ಯಾನಿಕ್ ಅಲ್ಲ. ಆದರೆ ಈ ಎಂಜಿನ್ನಿನಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸಾರುಗಳ ರಗಳೆ ಇಲ್ಲ. ಗಾಳಿ, ಡೀಸೆಲ್, ಶಾಖ ಮೂರೂ ಹೊತ್ತಿಗೆ ಸರಿಯಾಗಿ ಸಿಕ್ಕಿದರೆ ಓಡುತ್ತದೆ. ಹಾಗಾಗಿ ಒಂದೊಂದನ್ನೇ ಪರೀಕ್ಷಿಸಿ ಪಕ್ಕಕ್ಕಿಡುತ್ತ ಬಂದರೆ ಮನೆಯಂಗಳದಲ್ಲೇ ಅರ್ಧಕ್ಕರ್ಧ ತೊಂದರೆ ಪತ್ತೆಯಾಗುತ್ತದೆ. ಪೂಜೊ ಎಂಜಿನ್ನಿನ ಹಳೇ ಝೆನ್, ಎಸ್ಟೀಮ್ ಡೀಸೆಲ್ ಇಟ್ಟುಕೊಂಡವರಿಗೂ ಇಲ್ಲಿರುವ ಬಹುಪಾಲು ಅನ್ವಯಿಸುತ್ತದೆ.

ಬೆಳಿಗ್ಗೆ ಸ್ಟಾರ್ಟ್ ಆಗದಿರುವುದರಿಂದ ಶುರು ಮಾಡೋಣ. ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಹತ್ತುವುದಿಲ್ಲ. ಆಗ ಒಬ್ಬರನ್ನು ಕೀ ತಿರುಗಿಸಲು ಕೂರಿಸಿ ನೀವು ಸೈಲೆನ್ಸರ್ ಹಿಂದೆ ನಿಂತು ಹೊಗೆ ನೋಡಿ. ಬಿಳಿ ಹೊಗೆ, ಹಸಿ ಡೀಸೆಲ್ ವಾಸನೆ ಬಂದರೆ ಡೀಸೆಲ್ ಎಂಜಿನ್ನಿಗೆ ತಲುಪಿದೆ, ಉರಿಯುತ್ತಿಲ್ಲ ಅಷ್ಟೆ. ತಪ್ಪು ಎಂಜಿನ್ನಿಗೆ ಮೊದಲ ಶಾಖ ಕೊಡುವ ಹೀಟರ್ ಪ್ಲಗ್ ಕಡೆ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಬಂದೇ ಇಲ್ಲ. ಈ ಒಂದು ನೋಟಕ್ಕೆ ಖರ್ಚಿಲ್ಲ, ಆದರೆ ಮುಂದಿನ ಕೆಲಸವೆಲ್ಲ ಇದರ ಮೇಲೆ ನಿಂತಿದೆ.

ಹೀಟರ್ ಪ್ಲಗ್ಗುಗಳು ನಾಲ್ಕು, ಒಂದೊಂದು ಸಿಲಿಂಡರಿಗೆ ಒಂದೊಂದು. ಕೀ ಹಾಕಿದಾಗ ಮೀಟರಿನಲ್ಲಿ ಸುರುಳಿ ಆಕಾರದ ಹಳದಿ ದೀಪ ಹತ್ತಿ ಆರುತ್ತದಲ್ಲ, ಅಷ್ಟು ಹೊತ್ತು ಇವು ಬಿಸಿಯಾಗುತ್ತಿರುತ್ತವೆ. ದೀಪ ಆರುವ ಮೊದಲೇ ಸೆಲ್ಫ್ ಹೊಡೆಯುವವರೇ ಜಾಸ್ತಿ. ಕರಾವಳಿಯ ಸೆಕೆಗೆ ಇದರ ಅಗತ್ಯವಿಲ್ಲ ಅನ್ನುವವರಿದ್ದಾರೆ, ಅದು ಸರಿಯಲ್ಲ. ಈ ಮಾದರಿಯ ಎಂಜಿನ್ನಿನಲ್ಲಿ ಡೀಸೆಲ್ ಮೊದಲು ಒಂದು ಪುಟ್ಟ ಕೋಣೆಯಲ್ಲಿ ಉರಿಯಬೇಕು. ಎಂಜಿನ್ ಸವೆದಷ್ಟೂ ಆ ಕೋಣೆಗೆ ಹೊರಗಿನ ಶಾಖ ಬೇಕೇ ಬೇಕು. ಕುಮಟಾದಲ್ಲಿ ಎರಡು ಪ್ಲಗ್ ಸತ್ತರೂ ಹೇಗೋ ನಡೆದೀತು. ಡಿಸೆಂಬರಿನ ಬೆಳಿಗ್ಗೆ ಶಿರಸಿಯಲ್ಲಿ ಅದೇ ಗಾಡಿ ಅಂಗಳ ಬಿಡುವುದಿಲ್ಲ.

ಪರೀಕ್ಷೆ ಹೀಗೆ: ನಾಲ್ಕೂ ಪ್ಲಗ್ಗಿನ ತಲೆಗಳನ್ನು ಜೋಡಿಸುವ ಲೋಹದ ಪಟ್ಟಿಯನ್ನು ಸಣ್ಣ ನಟ್ಟು ಬಿಚ್ಚಿ ತೆಗೆಯಿರಿ. ತೆಗೆಯದಿದ್ದರೆ ಬದುಕಿರುವ ಪ್ಲಗ್ಗು ಸತ್ತಿರುವುದನ್ನು ಮುಚ್ಚಿಹಾಕುತ್ತದೆ. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿಯ ಪ್ಲಸ್‌ಗೆ ಸಿಕ್ಕಿಸಿ, ಮೊನೆಯನ್ನು ಒಂದೊಂದು ಪ್ಲಗ್ಗಿಗೆ ತಾಗಿಸಿ. ದೀಪ ಹತ್ತಿದರೆ ಪ್ಲಗ್ ಜೀವಂತ, ಹತ್ತದಿದ್ದರೆ ಸತ್ತಿದೆ. ಪಟ್ಟಿಗೆ ಬರುವ ವೈರಿನಲ್ಲಿ ಕೀ ಹಾಕಿದಾಗ 12 ವೋಲ್ಟ್ ಬರುತ್ತಿದೆಯೇ ಅಂತಲೂ ನೋಡಿ. ಬರದಿದ್ದರೆ ರಿಲೇ ಅಥವಾ ಫ್ಯೂಸ್. ಸತ್ತ ಪ್ಲಗ್ ಬಿಚ್ಚುವಾಗ ಮಾತ್ರ ಅವಸರ ಬೇಡ. ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿ ಬಿಟ್ಟು, ಎಂಜಿನ್ ಬೆಚ್ಚಗಿರುವಾಗ ನಿಧಾನ ತಿರುಗಿಸಿ. ಬಿಗಿಯಾಗಿ ನಿಂತರೆ ಬಿಟ್ಟು ಮೇಸ್ತ್ರಿಗೆ ಕೊಡಿ. ಹೆಡ್ಡಿನೊಳಗೆ, ಅಂದರೆ ಸಿಲಿಂಡರುಗಳ ಮೇಲಿನ ಭಾಗದೊಳಗೆ, ತುಂಡಾದರೆ ಹೆಡ್ ಕೆಳಗಿಳಿಸುವ ಖರ್ಚು.

ಇನ್ನು ಹೊಗೆಯೇ ಬಾರದ ಗಾಡಿ. ಮೊದಲು ಕಿವಿ ಬಳಸಿ: ಬಾನೆಟ್ ತೆರೆದು ಕೀ ಆನ್ ಮಾಡಿಸಿದಾಗ ಪಂಪಿನ ಮೇಲಿರುವ ಸೊಲೆನಾಯ್ಡ್ (ಕರೆಂಟಿನಿಂದ ಡೀಸೆಲ್ ಬಿಡುವ, ತಡೆಯುವ ಸ್ವಿಚ್ಚು) "ಟಕ್" ಅನ್ನಬೇಕು. ಅನ್ನದಿದ್ದರೆ ಅದಕ್ಕೆ ಬರುವ ಒಂಟಿ ವೈರಿನ ತುದಿ ಹಸಿರುಗಟ್ಟಿರಬಹುದು ಅಥವಾ ಸಡಿಲವಾಗಿರಬಹುದು. ಉಪ್ಪುಗಾಳಿಯ ಊರಿನಲ್ಲಿ ಇದು ತೀರ ಸಾಮಾನ್ಯ. ಮರಳುಕಾಗದದಲ್ಲಿ ಉಜ್ಜಿ, ಬಿಗಿ ಮಾಡಿ. ಇದೇ ಸೊಲೆನಾಯ್ಡ್ ಒಳಗೆ ಅಂಟಿಕೊಂಡರೆ ಉಲ್ಟಾ ಆಟ ಶುರುವಾಗುತ್ತದೆ, ಕೀ ತೆಗೆದರೂ ಎಂಜಿನ್ ನಿಲ್ಲುವುದಿಲ್ಲ. ಗಾಬರಿ ಬೀಳಬೇಡಿ. ಬ್ರೇಕ್ ಗಟ್ಟಿಯಾಗಿ ಒತ್ತಿ, ನಾಲ್ಕನೇ ಗೇರ್ ಹಾಕಿ ಕ್ಲಚ್ ಬಿಡಿ, ನಿಲ್ಲುತ್ತದೆ.

"ಟಕ್" ಕೇಳಿಸಿದರೆ ಡೀಸೆಲ್ ಪೈಪಿನ ಲೈನಿನಲ್ಲಿ ಏರ್, ಅಂದರೆ ಗಾಳಿ, ಸೇರಿದೆ ಎಂದೇ ಹಿಡಿದು ಮುಂದುವರಿಯಿರಿ. ನನ್ನ ಕಾರಿನಲ್ಲಿ ಫಿಲ್ಟರಿನಿಂದ ಪಂಪಿಗೆ ಹೋಗುವ ಪೈಪಿನ ನಡುವೆ ಗೇಣುದ್ದ ಪಾರದರ್ಶಕ ಡೀಸೆಲ್ ಪೈಪ್ ಹಾಕಿಸಿದ್ದೇನೆ. ಎಂಜಿನ್ ಓಡುವಾಗ ಅದರಲ್ಲಿ ಗುಳ್ಳೆ ಕಂಡರೆ ವಾದವೇ ಬೇಡ. ಗಾಳಿ ನುಗ್ಗುವ ಜಾಗಗಳು ಹೆಚ್ಚಿಲ್ಲ: ಫಿಲ್ಟರ್ ಬದಲಿಸುವಾಗ ಹಳೇ ರಬ್ಬರ್ ಉಂಗುರವನ್ನೇ ಮತ್ತೆ ಕೂರಿಸಿರುವುದು, ಸಡಿಲ ಕ್ಲಿಪ್, ಮತ್ತು ನಾಝಲ್‌ನಿಂದ ನಾಝಲ್‌ಗೆ ಹೋಗುವ ಬೆರಳು ದಪ್ಪವೂ ಇಲ್ಲದ ರಿಟರ್ನ್ ಪೈಪುಗಳು. ಈ ಕಡೆಯವು ಹೊರಗೆ ನೂಲು ಹೆಣೆದ ರಬ್ಬರ್. ಶಾಖಕ್ಕೆ ಒಣಗಿ ಬಿರಿಯುತ್ತವೆ. ಮುಟ್ಟಿದರೆ ಕೈಗೆ ಡೀಸೆಲ್ ತಾಗಿದರೆ ಅಷ್ಟೂ ತುಂಡು ಬದಲಿಸಿ, ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಇಂಥ ಗಾಡಿಯನ್ನು ರಾತ್ರಿ ಏರಿನಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿದರೆ ಡೀಸೆಲ್ ಟ್ಯಾಂಕಿಗೆ ಹಿಂದಿಳಿದು ಬೆಳಿಗ್ಗೆ ತೊಂದರೆ ಕೊಡುತ್ತದೆ. ಘಟ್ಟದ ಮೇಲಿನ ಮನೆಗಳಿಗೆ ಸಮತಟ್ಟು ಅಂಗಳ ಎಲ್ಲಿಂದ ತರೋದು ಹೇಳಿ.

ಏರ್ ತೆಗೆಯುವುದು ಎರಡು ಹಂತದ ಕೆಲಸ. ಫಿಲ್ಟರಿನ ತಲೆಯ ಮೇಲಿರುವ ಸಣ್ಣ ಸ್ಕ್ರೂ ಸಡಿಲಿಸಿ ಕೈಪಂಪ್ ಒತ್ತುತ್ತ ಹೋಗಿ. ಮೊದಲು ನೊರೆ, ಆಮೇಲೆ ಗುಳ್ಳೆ, ಕಡೆಗೆ ಶುದ್ಧ ಡೀಸೆಲ್ ಬರುತ್ತದೆ. ಒತ್ತಿ ಹಿಡಿದಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಸಾಮಾನ್ಯವಾಗಿ ಇಷ್ಟರಲ್ಲೇ ಮುಗಿಯುತ್ತದೆ. ಮುಗಿಯದಿದ್ದರೆ ನಾಝಲ್ ಮೇಲಿನ ಉಕ್ಕಿನ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ, ಮೇಲೆ ಬಟ್ಟೆ ಹಾಕಿ, ಸೆಲ್ಫ್ ಹೊಡೆಸಿ. ಡೀಸೆಲ್ ಜಿನುಗಿದ ಕೂಡಲೇ ಬಿಗಿ ಮಾಡಿ. ಅಲ್ಲಿನ ಒತ್ತಡ ಚರ್ಮ ತೂರಿ ಒಳಹೋಗುವಷ್ಟಿರುತ್ತದೆ. ಕೈ ದೂರವಿರಲಿ, ಕಣ್ಣಿಗೆ ಕನ್ನಡಕವಿರಲಿ, ಓಡುತ್ತಿರುವ ಎಂಜಿನ್ನಿನಲ್ಲಿ ಆ ನಟ್ಟು ಮುಟ್ಟಲೇಬೇಡಿ. ಸೆಲ್ಫನ್ನೂ ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ನಡುವೆ ಅರ್ಧ ನಿಮಿಷ ಬಿಡಿ.

ಫಿಲ್ಟರಿನ ಬುಡದಲ್ಲಿ ನೀರು ಬಿಡುವ ತಿರುಪು ಇದೆ ಎಂಬುದೇ ಎಷ್ಟೋ ಮಂದಿಗೆ ಗೊತ್ತಿಲ್ಲ. ಅದನ್ನು ಸಡಿಲಿಸಿ ಅರ್ಧ ಲೋಟದಷ್ಟನ್ನು ಗಾಜಿನ ಬಾಟಲಿಗೆ ಇಳಿಸಿ, ಸ್ವಲ್ಪ ಹೊತ್ತು ಬಿಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಪಂಪಿನ ಒಳಭಾಗಗಳಿಗೆ ಎಣ್ಣೆಯೂ ಡೀಸೆಲ್ಲೇ. ಅದರ ಜಾಗದಲ್ಲಿ ನೀರು ಹೋದರೆ ಆಗ ನಿಜಕ್ಕೂ ಪಂಪ್ ಕೆಲಸ ಬರುತ್ತದೆ. ನಾನು ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಉಳಿದಂತೆ ಎಣ್ಣೆ ಬದಲಿಸುವಾಗ ಇಳಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯಲು ಬಿಡುವುದಿಲ್ಲ. ಖಾಲಿ ಜಾಗದ ತೇವವೇ ಬೆವರಿ ನೀರಾಗುತ್ತದೆ.

ಈಗ ಘಟ್ಟಕ್ಕೆ ಬರೋಣ. ಸಮತಟ್ಟಿನಲ್ಲಿ ಸರಿಯಿದ್ದು ಏರಿನಲ್ಲಿ ಎಳೆಯದ ಗಾಡಿಗೆ ನಾನು ಮೊದಲು ನೋಡುವುದು ಆಕ್ಸಿಲರೇಟರ್ ಕೇಬಲ್. ಒಬ್ಬರು ಒಳಗೆ ಪೆಡಲ್ಲನ್ನು ಪೂರ್ತಿ ಒತ್ತಲಿ, ಪಂಪಿನ ಮೇಲಿನ ಲಿವರ್ ಕೊನೆಯ ಸ್ಕ್ರೂಗೆ ತಾಗುತ್ತದೆಯೇ ನೀವು ನೋಡಿ. ಕೇಬಲ್ ಹಿಗ್ಗಿದ್ದರೆ, ಕಾಲಡಿ ಮ್ಯಾಟ್ ಮೇಲೆ ಮ್ಯಾಟ್ ಹಾಕಿದ್ದರೆ ತಾಗುವುದಿಲ್ಲ. ಮೊದಲೇ ಕಡಿಮೆ ಶಕ್ತಿ, ಅದರಲ್ಲೂ ಮುಕ್ಕಾಲು ಪಾಲಷ್ಟೇ ಸಿಗುತ್ತಿರುತ್ತದೆ. ಕೇಬಲ್ ಹೊರಗಿನ ನಟ್ಟು ತಿರುಗಿಸಿ ಸರಿ ಮಾಡುವುದು ಐದು ನಿಮಿಷದ ಕೆಲಸ. ಆದರೆ ಆ ಕೊನೆಯ ಸ್ಕ್ರೂವನ್ನೇ ತಿರುಗಿಸಿ "ಪಿಕಪ್ ಜಾಸ್ತಿ ಮಾಡಿಕೊಡ್ತೇನೆ" ಅನ್ನುವವರಿಗೆ ಬಾನೆಟ್ ತೆರೆಯಬೇಡಿ.

ಆಮೇಲೆ ಏರ್ ಫಿಲ್ಟರ್. ಕುಮಟಾ–ಶಿರಸಿ ರಸ್ತೆ ಅಗಲ ಮಾಡುವ ಕೆಲಸದಲ್ಲಿ ಎದ್ದ ಕೆಂಪು ಧೂಳು ತಿಂದ ಫಿಲ್ಟರನ್ನು ಪುಸ್ತಕದಲ್ಲಿ ಬರೆದ ಕಿಲೋಮೀಟರ್‌ವರೆಗೆ ಇಟ್ಟುಕೊಂಡರೆ ಆಗದು. ಹೊರತೆಗೆದು ಬಿಸಿಲಿಗೆ ಹಿಡಿಯಿರಿ, ಬೆಳಕು ತೂರದಿದ್ದರೆ ಬದಲಿಸಿ. ಏರಿನಲ್ಲಿ ಕಪ್ಪು ಹೊಗೆ ಬರುವುದೂ ಇದೇ ಗುಟ್ಟು: ಡೀಸೆಲ್ಲಿಗೆ ತಕ್ಕ ಗಾಳಿ ಇಲ್ಲ. ಕಪ್ಪು ಹೊಗೆ ಇಲ್ಲದೆ ಸುಮ್ಮನೆ ಉಸಿರು ಕಟ್ಟಿದಂತಾದರೆ ಡೀಸೆಲ್ ಫಿಲ್ಟರ್ ಕಟ್ಟಿದೆ. ನೀಲಿ ಹೊಗೆ ಎಂಜಿನ್ ಎಣ್ಣೆ ಉರಿಯುವುದರ ಗುರುತು, ಅದು ಅಂಗಳದ ಕೆಲಸವಲ್ಲ. ಎಂಜಿನ್ ಕೂಗು ಏರಿದರೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಅದೂ ಅಲ್ಲವಾದರೆ ಸ್ವಲ್ಪ ದೂರ ಬ್ರೇಕ್ ಹೆಚ್ಚು ಬಳಸದೆ ಓಡಿಸಿ, ಇಳಿದು ನಾಲ್ಕೂ ಚಕ್ರದ ರಿಮ್ ಹತ್ತಿರ ಕೈಯೊಡ್ಡಿ ನೋಡಿ. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ. ಮಳೆಗಾಲದಲ್ಲಿ ರಾತ್ರಿ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಹಿಂದಿನ ಚಕ್ರ ಹೀಗೆ ಹಿಡಿಯುವುದುಂಟು. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ.

ಇಷ್ಟೆಲ್ಲ ಸರಿ ಇದ್ದೂ ನಿಧಾನವೆಂದರೆ ಅದು ಗಾಡಿಯ ಜಾಯಮಾನ. ಟರ್ಬೊ ಇಲ್ಲದ ಎಂಜಿನ್ನಿನ ವೇಗ ತಿರುವಿನಲ್ಲಿ ಒಮ್ಮೆ ಬಿದ್ದರೆ ಏಳಲು ಹೊತ್ತು ಬೇಕು. ತಿರುವಿಗೆ ಮುಂಚೆಯೇ ಎರಡನೇ ಗೇರಿಗೆ ಇಳಿಸಿ, ಎಸಿ ಆರಿಸಿ, ಹಿಂದಿನ ಬಸ್ಸಿನವನಿಗೆ ಜಾಗ ಕೊಡಿ. ಇಳಿಯುವಾಗ ಡೀಸೆಲ್ ಉಳಿಸುತ್ತೇನೆಂದು ಎಂಜಿನ್ ಆರಿಸುವುದು, ನ್ಯೂಟ್ರಲ್ ಮಾಡುವುದು ಬೇಡವೇ ಬೇಡ. ಡೀಸೆಲ್ ಗಾಡಿಯಲ್ಲಿ ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಒಂದು ಪ್ರತ್ಯೇಕ ಪಂಪಿನಿಂದ ಬರುತ್ತದೆ, ಆ ಪಂಪ್ ತಿರುಗುವುದು ಎಂಜಿನ್ ತಿರುಗಿದರೆ ಮಾತ್ರ. ಇಂಡಿಕಾದಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗಿದೆ, ಎಂಜಿನ್ ಎಣ್ಣೆಯೇ ಅಲ್ಲಿಗೂ ಹೋಗುತ್ತದೆ. ಆ ಎಣ್ಣೆ ಪೈಪಿನ ಸುತ್ತ ಜಿಡ್ಡು ಕಂಡರೆ ನಾಳೆಗೆ ತಳ್ಳಬೇಡಿ.

ಬಿಸಿ ಏರುವ ವಿಚಾರ ಚಿಕ್ಕದಾಗಿ ಹೇಳುತ್ತೇನೆ. ಎಂಜಿನ್ ತಣ್ಣಗಿದ್ದಾಗ ಮಾತ್ರ ಕೂಲಂಟ್ ಮುಚ್ಚಳ ತೆರೆಯಿರಿ. ಬಾವಿ ನೀರಲ್ಲ, ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಹಾಕಿ. ನಿಲ್ಲಿಸಿದಲ್ಲೇ ಎಂಜಿನ್ ಓಡಿಸಿದಾಗ ಬಿಸಿ ತೋರಿಸುವ ಮೀಟರಿನ ಮುಳ್ಳು ನಡು ದಾಟಿದರೂ ರೇಡಿಯೇಟರ್ ಫ್ಯಾನ್ ಬಾರದಿದ್ದರೆ ರೇಡಿಯೇಟರಿನ ಸ್ವಿಚ್ಚಿಗೆ ಬರುವ ಎರಡು ವೈರುಗಳನ್ನು ಕಳಚಿ ಕೂಡಿಸಿ. ಫ್ಯಾನ್ ತಿರುಗಿದರೆ ಸ್ವಿಚ್ ಹೋಗಿದೆ, ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟರ್ ಈ ಕ್ರಮದಲ್ಲಿ ನೋಡಿ. ಘಟ್ಟದ ನಡುವೆ ಮುಳ್ಳು ಏರಿದರೆ ಅಗಲವಿರುವಲ್ಲಿ ನಿಲ್ಲಿಸಿ, ಒಳಗಿನ ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಪೂರ್ತಿ ವೇಗಕ್ಕೆ ಇಟ್ಟು ಎಂಜಿನ್ ಐಡಲ್‌ನಲ್ಲಿ ಬಿಡಿ. ಆವಿ ಹಾರುತ್ತಿದ್ದರೆ ಅಥವಾ ಬೆಲ್ಟ್ ಹರಿದಿದ್ದರೆ ಮಾತ್ರ ಕೂಡಲೇ ಆರಿಸಿ.

ಕಾರವಾರದಿಂದ ಭಟ್ಕಳದವರೆಗೆ ಸಮುದ್ರಕ್ಕೆ ಮುಖ ಮಾಡಿ ನಿಂತ ಎಲ್ಲ ಗಾಡಿಗಳ ಶತ್ರು ಒಂದೇ, ಉಪ್ಪುಗಾಳಿ. ಬ್ಯಾಟರಿ ಟರ್ಮಿನಲ್ ಕಳಚಿ, ಅಡುಗೆ ಸೋಡಾ ಹಾಕಿದ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ವ್ಯಾಸಲೀನ್ ಹಚ್ಚಿ. ಕಳಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಬ್ಯಾಟರಿಯಿಂದ ಬಾಡಿಗೂ ಎಂಜಿನ್ನಿಗೂ ಹೋಗುವ ಅರ್ಥಿಂಗ್ ಪಟ್ಟಿ ಉಪ್ಪು ತಿಂದರೆ ಸೆಲ್ಫ್ ನರಳುತ್ತದೆ, ಜನ ಬ್ಯಾಟರಿ ಬದಲಿಸುತ್ತಾರೆ. ಮೀಟರ್ ಇದ್ದರೆ ಅಳೆಯಿರಿ: ಆರಿಸಿದಾಗ 12.6 ವೋಲ್ಟ್ ಸುತ್ತಮುತ್ತ, ಓಡುವಾಗ 13.8ರಿಂದ 14.4. ಬಾಗಿಲುಗಳ ಬುಡದಲ್ಲಿ ನೀರಿಳಿಯುವ ತೂತುಗಳಿರುತ್ತವೆ, ತೆಂಗಿನ ಹಿಡಿಕಡ್ಡಿಯಿಂದ ಚುಚ್ಚಿ ಬಿಡಿಸಿ. ಅವು ಕಟ್ಟಿದರೆ ಬಾಗಿಲು ಒಳಗಿನಿಂದ ಕೊಳೆಯುತ್ತದೆ, ಹೊರಗೆ ಗುಳ್ಳೆ ಏಳುವ ಹೊತ್ತಿಗೆ ತಗಡು ಉಳಿದಿರುವುದಿಲ್ಲ.

ಅಂಗಳದಲ್ಲಿ ಮಾಡಬಾರದ ಕೆಲಸ ಟೈಮಿಂಗ್ ಬೆಲ್ಟ್, ಅಂದರೆ ವಾಲ್ವುಗಳನ್ನು ಪಿಸ್ಟನ್ನಿನ ಚಲನೆಗೆ ಹೊಂದಿಸಿ ಓಡಿಸುವ ಬೆಲ್ಟು. ಸೆಕೆಂಡ್ ಹ್ಯಾಂಡ್ ಕೊಂಡಿದ್ದು, ಬೆಲ್ಟ್ ಬದಲಿಸಿದ ದಾಖಲೆ ಇಲ್ಲವೆಂದರೆ ಮೊದಲ ವಾರವೇ ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಸಹಿತ ಬದಲಿ ಮಾಡಿಸಿ. ಅದು ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ, ಹಳೇ ಗಾಡಿಯನ್ನು ಗುಜರಿಗೆ ಕಳಿಸುವುದು ಹೆಚ್ಚಾಗಿ ಆ ಬಿಲ್ಲೇ. ಇನ್ನೊಂದು, ಮಳೆಗಾಲದಲ್ಲಿ ಕತಗಾಲದ ಹತ್ತಿರ ಚಂಡಿಕಾ ಹೊಳೆ ರಸ್ತೆಗೆ ಬಂದಾಗ ಲಾರಿ ಹೋಯಿತೆಂದು ಹಿಂದೆ ಹೋಗಬೇಡಿ. ಗಾಳಿ ಎಳೆಯುವ ಬಾಯಿಗೆ ನೀರು ಸಿಕ್ಕರೆ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಲ್ಲಿ ನಿಂತ ಎಂಜಿನ್ನಿಗೆ ಮತ್ತೆ ಸೆಲ್ಫ್ ಹೊಡೆಯಬಾರದು, ತಳ್ಳಿ ಹೊರತರಬೇಕು.

ಹದಿನೈದು ವರ್ಷ ತುಂಬಿದ ಗಾಡಿ ಇಡಬಹುದೇ ಎಂದು ಕೇಳುತ್ತಾರೆ. ಹತ್ತು ವರ್ಷದ ಡೀಸೆಲ್ ನಿರ್ಬಂಧದ ಗಲಾಟೆ ದೆಹಲಿಯದು. ನಮ್ಮಲ್ಲಿ ಆರ್‌ಟಿಒ ಕಚೇರಿಯಲ್ಲಿ ಗಾಡಿ ತೋರಿಸಿ, ಪಾಸಾದರೆ ಐದು ವರ್ಷಕ್ಕೆ ಆರ್‌ಸಿ ನವೀಕರಣವಾಗುತ್ತದೆ. ಅದಕ್ಕೆ ಬೇಕಾದ ಹೊಗೆ ಪರೀಕ್ಷೆಗೆ ಮನೆಯಿಂದ ನೇರ ಹೋಗಬೇಡಿ. ಹೊಸ ಏರ್ ಫಿಲ್ಟರ್ ಹಾಕಿ, ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿ, ಎಂಜಿನ್ ಬಿಸಿ ಇರುವಾಗಲೇ ಪೈಪಿಗೆ ಯಂತ್ರ ಹಾಕಿಸಿ.