ಔಷಧಿ ಕುಡಿಸಿದೆ, ಹುಳು ಸತ್ತಿತೇ?

ಆ ಮೇಕೆಯ ಗದ್ದದ ಕೆಳಗೆ ನೀರು ತುಂಬಿದ ಚೀಲದ ಹಾಗೆ ಊತ ಜೋತಾಡುತ್ತಿತ್ತು. ಬೆರಳಿಂದ ಒತ್ತಿದರೆ ಗುಳಿ ಬೀಳುತ್ತಿತ್ತು. ಕೆಳರೆಪ್ಪೆ ಎಳೆದು ನೋಡಿದೆ. ಕೆಂಪಗಿರಬೇಕಾದ ಒಳಭಾಗ ಕಾಗದದಷ್ಟು ಬೆಳ್ಳಗಿತ್ತು. ಹತ್ತು ದಿನದ ಹಿಂದೆಯಷ್ಟೇ ನಾನೇ ಕೈಯಾರೆ ಅದಕ್ಕೆ ಜಂತು ಔಷಧಿ ಕುಡಿಸಿದ್ದೆ. ಮಾರನೇ ದಿನ ಬೆಳಿಗ್ಗೆ ಅದು ಎದ್ದೇಳಲಿಲ್ಲ.

ಪಶುವೈದ್ಯರು ಹೊಟ್ಟೆ ಕೊಯ್ದು ತೋರಿಸಿದರು. ನಾಲ್ಕನೇ ಹೊಟ್ಟೆಯ ಒಳಗೋಡೆಯ ತುಂಬ ಸಣ್ಣ ಹುಳುಗಳು. ಕೆಂಪು ದಾರಕ್ಕೆ ಬಿಳಿ ದಾರ ಹೊಸೆದ ಹಾಗಿದ್ದವು. ಇನ್ನೂ ಹರಿದಾಡುತ್ತಿದ್ದವು. ಇದು ರಕ್ತ ಹೀರುವ ಹೀಮಾಂಕಸ್ ಹುಳು. ಒಂದು ಹೆಣ್ಣು ದಿನಕ್ಕೆ 5,000ಕ್ಕೂ ಜಾಸ್ತಿ ಮೊಟ್ಟೆ ಇಡಬಲ್ಲದು.

"ಔಷಧಿ ಕೊಟ್ಟಿದ್ದೆ ಡಾಕ್ಟ್ರೇ" ಅಂದೆ.

"ಕೊಟ್ಟಿದ್ದೀರಿ, ಸರಿ. ಹುಳು ಸತ್ತಿವೆಯಾ ಅಂತ ನೋಡಿದ್ರಾ? ಹುಲ್ಲಿನಿಂದ ಒಳಗೆ ಹೋದ ಮರಿಹುಳು ಬೆಳೆದು ಮೊಟ್ಟೆ ಇಡೋಕೆ ಸುಮಾರು ಮೂರು ವಾರ ಬೇಕು. ಇವು ಹೊಸದಾಗಿ ಬಂದವಲ್ಲ. ನಿಮ್ಮ ಔಷಧಿ ಕುಡಿದೂ ಬದುಕಿದವು."

ಆ ಮಾತು ಚುಚ್ಚಿತು. ಅಲ್ಲಿಯವರೆಗೆ ನಾನು ಎರಡು ತಿಂಗಳಿಗೊಮ್ಮೆ ಎಲ್ಲಾ ಮೇಕೆಗೂ ತಪ್ಪದೆ ಔಷಧಿ ಕುಡಿಸುತ್ತಿದ್ದೆ. ಅದೇ ಒಳ್ಳೆಯ ಸಾಕಣೆ ಅಂದುಕೊಂಡಿದ್ದೆ.

ಮೊದಲು ಮಾಡಿದ ಕೆಲಸ ತೂಕ ನೋಡಿದ್ದು. ಸತ್ತ ಮೇಕೆ 25 ಕೆಜಿ ಇರಬಹುದು ಅಂತ ಅಂದಾಜಿನಲ್ಲಿ ಔಷಧಿ ಅಳೆದಿದ್ದೆ. ತಕ್ಕಡಿಗೆ ಹಾಕಿದರೆ 34 ಕೆಜಿ. ಉಳಿದವುಗಳ ಕಥೆಯೂ ಅದೇ. ಅದರ ಮೇಲೆ ಇನ್ನೊಂದು ತಪ್ಪು. ಬಾಟಲಿಯ ಮೇಲೆ ಕುರಿಗೆ ಬರೆದಿದ್ದ ಪ್ರಮಾಣವನ್ನೇ ಮೇಕೆಗೂ ಕೊಡುತ್ತಿದ್ದೆ. ನಾನು ಕೊಡುತ್ತಿದ್ದ ಔಷಧಿ ಆಲ್ಬೆಂಡಜೋಲ್. ಅದನ್ನು ಮೇಕೆಯ ದೇಹ ಕುರಿಗಿಂತ ಬೇಗ ಒಡೆದು ಹೊರಗೆ ಹಾಕುತ್ತದೆ. ಅದಕ್ಕೇ ಮೇಕೆಗೆ ಜಾಸ್ತಿ ಪ್ರಮಾಣ ಬೇಕು. ಎಷ್ಟು ಅನ್ನುವುದನ್ನು ವೈದ್ಯರೇ ಹೇಳಬೇಕು. ಹೀಗೆ ಎರಡೂ ಕಡೆಯಿಂದ ಕಡಿಮೆಯಾಗಿ, ವರ್ಷಗಟ್ಟಲೆ ಅರೆಬರೆ ಔಷಧಿ ಕೊಟ್ಟು ಗಟ್ಟಿ ಹುಳುಗಳನ್ನು ನಾನೇ ಆರಿಸಿ ಸಾಕಿದ ಹಾಗಾಗಿತ್ತು.

ಕುಡಿಸುವ ರೀತಿಯೂ ಸರಿ ಇರಲಿಲ್ಲ. ಬಾಯಿಯ ಮುಂಭಾಗಕ್ಕೆ ಹಾಕಿಬಿಡುತ್ತಿದ್ದೆ. ಹಾಗೆ ಮಾಡಿದರೆ ಔಷಧಿ ಕೆಲವೊಮ್ಮೆ ದೊಡ್ಡ ಹೊಟ್ಟೆಯನ್ನು ತಪ್ಪಿಸಿ ನೇರ ನಾಲ್ಕನೇ ಹೊಟ್ಟೆಗೆ ಜಾರುತ್ತದೆ. ಹುಳು ಅಲ್ಲೇ ಇದೆ, ಒಳ್ಳೆಯದೇ ಅಲ್ವಾ ಅನ್ನಿಸುತ್ತದೆ. ಆದರೆ ಆಲ್ಬೆಂಡಜೋಲ್ ಗುಂಪಿನ ಔಷಧಿ ದೊಡ್ಡ ಹೊಟ್ಟೆಯಲ್ಲಿ ನಿಂತು ನಿಧಾನವಾಗಿ ಇಳಿದರೇ ಕೆಲಸ. ಈಗ ಸೂಜಿ ಇಲ್ಲದ ಸಿರಿಂಜನ್ನು ಬಾಯಿಯ ಪಕ್ಕದಿಂದ ತೂರಿಸಿ, ನಾಲಿಗೆಯ ಹಿಂಭಾಗಕ್ಕೆ ಬಿಡುತ್ತೇನೆ. ತಲೆಯನ್ನು ಮೇಲಕ್ಕೆತ್ತಿ ಹಿಡಿಯುವುದಿಲ್ಲ. ಎತ್ತಿದರೆ ಔಷಧಿ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಬರಬಹುದು.

ಇಷ್ಟೆಲ್ಲಾ ಸರಿಮಾಡಿ ಮತ್ತೆ ಆಲ್ಬೆಂಡಜೋಲ್ ಕೊಟ್ಟೆ. ಈ ಸಲ ಪರೀಕ್ಷೆಯೊಂದಿಗೆ. ಹತ್ತು ಮೇಕೆಗಳಿಂದ ಒಂದೊಂದಾಗಿ ತಾಜಾ ಹಿಕ್ಕೆ ತೆಗೆದು, ಗುರುತು ಬರೆದು, ಪ್ರಯೋಗಾಲಯಕ್ಕೆ ಕೊಟ್ಟೆ. 4 ಗ್ರಾಂ ಹಿಕ್ಕೆಯನ್ನು 56 ಮಿಲಿ ದಟ್ಟ ಉಪ್ಪುನೀರಿನಲ್ಲಿ ಕದಡಿ, ಸೋಸಿ, ಮೆಕ್‌ಮಾಸ್ಟರ್ ಸ್ಲೈಡಿನ ಎರಡು ಕೋಣೆಗಳಿಗೆ ತುಂಬುತ್ತಾರೆ. ಮೊಟ್ಟೆ ತೇಲಿ ಮೇಲೆ ಬರುತ್ತವೆ. ಎಣಿಸಿದ್ದನ್ನು 50ರಿಂದ ಗುಣಿಸಿದರೆ ಒಂದು ಗ್ರಾಂ ಹಿಕ್ಕೆಯಲ್ಲಿ ಎಷ್ಟು ಮೊಟ್ಟೆ ಅಂತ ಗೊತ್ತಾಗುತ್ತದೆ. ಔಷಧಿಗೆ ಮುಂಚೆ ಸರಾಸರಿ 1,200 ಇತ್ತು. ಹದಿನಾಲ್ಕನೇ ದಿನ ಅದೇ ಮೇಕೆಗಳ ಹಿಕ್ಕೆ ಮತ್ತೆ ಕೊಟ್ಟೆ. 540. ಕಡಿಮೆಯಾದದ್ದು ಶೇ. 55 ಮಾತ್ರ. ಶೇ. 95ಕ್ಕಿಂತ ಕೆಳಗೆ ಬಂದರೇ ಹುಳು ಔಷಧಿಗೆ ಬಗ್ಗುತ್ತಿಲ್ಲ ಅಂತ ಅನುಮಾನಿಸಬೇಕು.

"ನಡುನಡುವೆ ಫೆನ್‌ಬೆಂಡಜೋಲ್ ಕೂಡ ಕೊಟ್ಟು ಬದಲಾಯಿಸುತ್ತಿದ್ದೆನಲ್ಲ?" ಅಂತ ಕೇಳಿದೆ. ಬಾಟಲಿ ಬೇರೆ, ಹೆಸರು ಬೇರೆ, ಗುಂಪು ಮಾತ್ರ ಒಂದೇ. ಒಂದಕ್ಕೆ ಸಾಯದ ಹುಳು ಸಾಮಾನ್ಯವಾಗಿ ಇನ್ನೊಂದಕ್ಕೂ ಸಾಯುವುದಿಲ್ಲ. ಈ ಗುಂಪಿನ ಥಯಾಬೆಂಡಜೋಲ್ ಮಾರುಕಟ್ಟೆಗೆ ಬಂದದ್ದು 1961ರಲ್ಲಿ. 1964ರ ಹೊತ್ತಿಗಾಗಲೇ ಕುರಿಗಳಲ್ಲಿ ಅದಕ್ಕೆ ಬಗ್ಗದ ಹೀಮಾಂಕಸ್ ಕಾಣಿಸಿಕೊಂಡಿತ್ತು.

ವೈದ್ಯರು ಬೇರೆ ಗುಂಪಿನ ಲೆವಮಿಸೋಲ್ ಬರೆದುಕೊಟ್ಟರು. ಎಚ್ಚರಿಕೆಯನ್ನೂ ಹೇಳಿದರು. ಆಲ್ಬೆಂಡಜೋಲ್ ಸ್ವಲ್ಪ ಹೆಚ್ಚಾದರೆ ಸಾಮಾನ್ಯವಾಗಿ ನಡೆಯುತ್ತದೆ. ಲೆವಮಿಸೋಲ್‌ನಲ್ಲಿ ಕೆಲಸ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ. ಅದನ್ನು ಕಣ್ಣಾರೆ ಕಂಡೆ. ಒಂದೇ ಥರ ಇದ್ದ ಎರಡು ಮರಿಗಳಲ್ಲಿ ಒಂದಕ್ಕೇ ಎರಡು ಸಲ ಕುಡಿಸಿಬಿಟ್ಟೆ. ಸ್ವಲ್ಪ ಹೊತ್ತಿಗೆ ಅದರ ಬಾಯಿಂದ ಜೊಲ್ಲು ದಾರದ ಹಾಗೆ ಇಳಿಯತೊಡಗಿತು. ತುಟಿ ಅದುರಿತು. ಆಮೇಲೆ ಹಿಂಗಾಲು ನಡುಗಿ ಕುಸಿದು ಕೂತಿತು. ವೈದ್ಯರಿಗೆ ಫೋನ್ ಮಾಡಿ, ಅವರು ಬರುವವರೆಗೆ ಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಸಂಜೆಗೆ ಎದ್ದು ಹಾಲು ಕುಡಿಯಿತು. ಬದುಕಿದ್ದು ಅದೃಷ್ಟ. ಈಗ ಕುಡಿಸಿದ ತಕ್ಷಣ ಬೆನ್ನಿಗೆ ಬಣ್ಣದ ಗುರುತು ಹಾಕದೆ ಒಂದನ್ನೂ ಬಿಡುವುದಿಲ್ಲ.

ಹದಿನಾಲ್ಕು ದಿನದ ನಂತರ ಹಿಕ್ಕೆ ಪರೀಕ್ಷೆಯಲ್ಲಿ 1,150 ಇದ್ದದ್ದು 40ಕ್ಕೆ ಇಳಿದಿತ್ತು. ಆ ಚೀಟಿಯನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಆದರೆ ಈ ಔಷಧಿಯನ್ನೂ ಹಾಳುಮಾಡಿಕೊಳ್ಳಬಾರದಲ್ಲ. ಮುಂಚೆ ಎಲ್ಲಕ್ಕೂ ಕುಡಿಸಿ, ಅದೇ ದಿನ ಹೊಸ ಮೇವಿನ ಜಾಗಕ್ಕೆ ಅಟ್ಟುತ್ತಿದ್ದೆ. ಅದು ತಪ್ಪು ಅಂತ ಆಮೇಲೆ ತಿಳಿಯಿತು. ಔಷಧಿಗೆ ಸಾಯದ ಹುಳುವಿನ ಮೊಟ್ಟೆ ಮಾತ್ರ ಆ ಹೊಸ ಹುಲ್ಲಿಗೆ ಬೀಳುತ್ತದೆ. ಕೆಲವು ಮೇಕೆಗಳಿಗೆ ಔಷಧಿ ಕುಡಿಸದೆ ಬಿಟ್ಟರೆ, ಅವುಗಳೊಳಗಿನ ಸಾಧಾರಣ ಹುಳುಗಳೂ ಬೆರೆತು ಗಟ್ಟಿ ಹುಳುಗಳ ಪಾಲು ಕಡಿಮೆಯಾಗುತ್ತದೆ. ಹಾಗಾದರೆ ಯಾವುದಕ್ಕೆ ಕೊಡುವುದು? ರೆಪ್ಪೆ ನೋಡಿ. ದಕ್ಷಿಣ ಆಫ್ರಿಕಾದಲ್ಲಿ ಬೆಳೆಸಿದ ಫಮಾಚಾ ಅನ್ನುವ ಬಣ್ಣದ ಪಟ್ಟಿ ಇದೆ. 1 ಅಂದರೆ ಚೆನ್ನಾಗಿ ಕೆಂಪು, 5 ಅಂದರೆ ಬಿಳಿಚು. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಬಿಸಿಲಲ್ಲಿ ನಿಲ್ಲಿಸಿ ನೋಡುತ್ತೇನೆ. 4, 5 ಬಂದವಕ್ಕೆ ಔಷಧಿ. 3 ಬಂದದ್ದು ಮರಿಯೋ, ಗಬ್ಬದ್ದೋ, ಸೊರಗಿದ್ದೋ ಆದರೆ ಅದಕ್ಕೂ. ಇದು ರಕ್ತ ಹೀರುವ ಹುಳುವಿಗೆ ಹೇಳಿದ ಅಳತೆ. ಲಾಡಿಹುಳು ಇದೆಯೋ ಇಲ್ಲವೋ ಇದರಲ್ಲಿ ಗೊತ್ತಾಗುವುದಿಲ್ಲ.

ಹೋತ ಬಿಟ್ಟ ದಿನವನ್ನು ಗೋಡೆಯ ಮೇಲೆ ಬರೆಯುತ್ತೇನೆ. ಗಬ್ಬದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಕೊಟ್ಟರೆ ಮರಿ ಅಂಗವಿಕಲವಾಗಬಹುದು. ಔಷಧಿ ಕೊಟ್ಟ ದಿನವೂ ಅದರ ಪಕ್ಕದಲ್ಲೇ ಇರುತ್ತದೆ, ವೈದ್ಯರು ಹೇಳಿದಷ್ಟು ದಿನ ಹಾಲು ಯಾರಿಗೂ ಹೋಗಬಾರದು ಅಂತ.

ನಾಯಿ ಇದ್ದವರಿಗೆ ಒಂದು ಮಾತು. ಐವರ್‌ಮೆಕ್ಟಿನ್ ಅನ್ನುವ ಇನ್ನೊಂದು ಜಂತು ಔಷಧಿ ಇದೆ. ಮೇಕೆಗೆ ತಂದದ್ದು ಉಳಿದಿದೆ ಅಂತ ಅದನ್ನು ನಾಯಿಗೆ ಹಾಕಬೇಡಿ. ಕಾಲಿಯಂಥ ಕೆಲವು ತಳಿಯ ನಾಯಿಗಳಲ್ಲಿ ಒಂದು ಜೀನಿನ ದೋಷ ಇರುತ್ತದೆ. ಔಷಧಿಯನ್ನು ಮೆದುಳಿನಿಂದ ದೂರ ಇಡುವ ತಡೆ ಅವುಗಳಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಮೇಕೆಯ ಲೆಕ್ಕದ ಔಷಧಿ ಅಂಥ ನಾಯಿಯ ಜೀವ ತೆಗೆಯಬಲ್ಲದು.

ಕಳೆದ ಮಳೆಗಾಲದಲ್ಲಿ 22 ಮೇಕೆಗಳಲ್ಲಿ ಔಷಧಿ ಬೇಕಾದದ್ದು ಆರಕ್ಕೆ ಮಾತ್ರ. ಅವುಗಳಲ್ಲಿ ಎರಡು ಪ್ರತಿ ಸಲವೂ ಅವೇ. ಅವುಗಳ ಮರಿಗಳನ್ನು ತಳಿಗೆ ಇಟ್ಟುಕೊಳ್ಳುತ್ತಿಲ್ಲ.